ಮಣ್ಣಿನ ಮಾಳಿಗೆ ಮತ್ತು ಮಳೆನೀರಿನ ದೋಣಿ: ಬೇವೂರು ಸೀಮೆಯ ಮನೆಗಳ ಒಂದು ಇತಿಹಾಸ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಬೇವೂರು ಮತ್ತು ಅದರ ಸುತ್ತಲಿನ ಊರುಗಳ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಲ್ಲು ಮಣ್ಣು ಸೇರಿಸಿ ಎಬ್ಬಿಸಿದ ದಪ್ಪ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ ಮತ್ತು ಸೊಪ್ಪು, ಎಲ್ಲದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಮಾಳಿಗೆಯ ಮೇಲೆ ಬಿದ್ದ ನೀರು ಗೋಡೆಗೆ ತಾಗದಂತೆ ಅದನ್ನು ಆಚೆಗೆ ಬೀಳಿಸಲು ಕುಂಬಿಯ ಬುಡದಲ್ಲಿ ದೋಣಿ ಇಡುತ್ತಿದ್ದರು. ಸಿಮೆಂಟು ಬರುವ ಮೊದಲು ಇಂಥ ಮನೆಯ ಆಯುಷ್ಯ ಬಹುಮಟ್ಟಿಗೆ ಈ ದೋಣಿಯನ್ನೂ ಅದರ ಕಡೆಗೆ ಇಳಿಜಾರಾಗಿದ್ದ ಮಣ್ಣನ್ನೂ ವರ್ಷವರ್ಷ ನೋಡಿಕೊಳ್ಳುವುದರ ಮೇಲೆ ನಿಂತಿತ್ತು. ಆ ನೋಡಿಕೊಳ್ಳುವಿಕೆ ಒಂದು ಪದ್ಧತಿಯಾಗಿ ಬೆಳೆದು, ಕಳೆದ ಅರ್ಧ ಶತಮಾನದಲ್ಲಿ ಸಡಿಲವಾಯಿತು.

ಕೊಪ್ಪಳ ಸೀಮೆಗೆ ವರ್ಷಕ್ಕೆ ಸುರಿಯುವ ಮಳೆ ಸುಮಾರು 600 ಮಿಲಿಮೀಟರ್. ಮಲೆನಾಡಿನವರಿಗೆ ಇದು ಲೆಕ್ಕಕ್ಕೇ ಬಾರದ ಮಳೆ. ಅಲ್ಲಿ ಕಡಿದಾದ ಹೊದಿಕೆಯಿಂದ ನೀರು ತಕ್ಷಣ ಜಾರಬೇಕು. ಅದಕ್ಕೇ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮನೆಗಳು ಬೇಗ ಹೆಂಚು ಹೊದ್ದವು. ಬಯಲುಸೀಮೆಯಲ್ಲಿ ಮರ ಕಡಿಮೆ, ಬಿಸಿಲು ಹೆಚ್ಚು. ದಪ್ಪ ಮಣ್ಣಿನ ಮಾಳಿಗೆ ಒಳಗನ್ನು ತಂಪಾಗಿಡುತ್ತಿತ್ತು. ಮೇಲೆ ಜೋಳ, ಮೆಣಸಿನಕಾಯಿ, ಶಾವಿಗೆ ಒಣಗಿಸಬಹುದಿತ್ತು. ಬೇಸಿಗೆಯಲ್ಲಿ ಮನೆಮಂದಿ ಅಲ್ಲೇ ಮಲಗುತ್ತಿದ್ದರು. ಈ ಮಾಳಿಗೆಗೆ ಅಂಜಿಕೆಯಿದ್ದದ್ದು ಒಂದೇ, ಜಡಿಮಳೆಯದು. ಅಡ್ಡಮಳೆ ಅರ್ಧ ತಾಸು ಹೊಡೆದು ಹೋದರೆ ಮೇಲಿನ ಒಂದೆರಡು ಬೆರಳು ಮಣ್ಣು ನೆನೆದು, ಮರುದಿನದ ಬಿಸಿಲಿಗೆ ಒಣಗುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಮೂರು ನಾಲ್ಕು ದಿನ ಬಿಡದೆ ಹಿಡಿದರೆ ನೆನೆದದ್ದು ಒಣಗಲು ಬಿಡುವೇ ಸಿಗುವುದಿಲ್ಲ.

ಚಪ್ಪಟೆ ಚಾವಣಿಯ ಮೇಲಿನ ನೀರನ್ನು ಹೇಗೆ ಇಳಿಸಬೇಕೆಂಬ ಪ್ರಶ್ನೆಗೆ ಈ ಸೀಮೆಯ ಕಲ್ಲುಕೆಲಸದವರು ಬಹಳ ಹಿಂದೆಯೇ ಉತ್ತರ ಹುಡುಕಿದ್ದರು. ಕುಷ್ಟಗಿಗೆ ನೆರೆಯ ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯ ಚಾವಣಿಗೆ ಇಳಿಜಾರಾಗಿ ಚಪ್ಪಡಿ ಹೊದಿಸಿ, ಎರಡು ಚಪ್ಪಡಿ ಕೂಡುವಲ್ಲಿ ಮರದ ದಿಮ್ಮಿಯಂತೆ ಕಾಣುವ ಉದ್ದನೆಯ ಕಲ್ಲುಪಟ್ಟಿ ಕೂರಿಸಿದ್ದಾರೆ. ಸಂದಿಗೆ ನೀರು ಇಳಿಯಬಾರದೆಂಬುದೇ ಅದರ ಉದ್ದೇಶ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಬೇವೂರಿನವರಿಗೆ ದೂರದ್ದಲ್ಲ. ಆ ಕಾಲದ ದೇವಾಲಯಗಳ ತೆರೆದ ಮಂಟಪದ ಸುತ್ತ ಮುಂದಕ್ಕೆ ಬಾಗಿದ ಸೂರುಗಲ್ಲು ಕೆತ್ತನೆಯ ಮೇಲೆ ನೀರು ಹರಿಯದಂತೆ ಕಾಯುತ್ತದೆ. ವಿಜಯನಗರ ಕಾಲದಲ್ಲಿ ಕಲ್ಲಿನ ಚಾವಣಿಯ ಮೇಲೆ ಇಟ್ಟಿಗೆ ಚೂರು ಸುಣ್ಣ ಬೆರೆತ ಗಚ್ಚು ಹಾಕುತ್ತಿದ್ದರು. ಹಂಪಿಯ ಅರಮನೆ ಆವರಣದಲ್ಲಿ ಕಲ್ಲಿನ ದೋಣಿಗಳ ಸಾಲಿನಲ್ಲೇ ಪುಷ್ಕರಣಿಗೆ ನೀರು ತಂದದ್ದನ್ನು ಇಂದಿಗೂ ನೋಡಬಹುದು. 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಈ ಭಾಗದ ಪೇಟೆಯಲ್ಲಿ ಚಪ್ಪಟೆ ಮಾಳಿಗೆಯ ಮನೆಗಳನ್ನು ಕಂಡು ಬರೆದಿದ್ದಾನೆ. ಗೋಡೆಯನ್ನು ನೀರಿನಿಂದ ಉಳಿಸುವ ಚಿಂತೆ ಎಲ್ಲ ನಾಡಿನಲ್ಲೂ ಇತ್ತು: ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿ 1240ರಲ್ಲಿ ಲಂಡನ್ ಟವರಿನ ಸುಣ್ಣ ಬಳಿದ ಗೋಡೆ ಕೆಡದಿರಲೆಂದು ಸೀಸದ ಕೊಳವೆ ಇಳಿಬಿಡಲು ಅಪ್ಪಣೆ ಮಾಡಿದ್ದ. ಕಲ್ಲೂ ಗಚ್ಚೂ ಗುಡಿಗೆ, ಅರಮನೆಗೆ ಒದಗಿದವು. ಒಕ್ಕಲಿಗನ ಮನೆಗೆ ಒದಗಿದ್ದು ಮಣ್ಣು.

ಮಾಳಿಗೆಗೆ ಎಲ್ಲ ಮಣ್ಣೂ ಆಗುವುದಿಲ್ಲ. ಹೊಲದ ಎರೆಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ಅದನ್ನು ಮೇಲೆ ಹಾಕಿದರೆ ಮೊದಲ ಬೇಸಿಗೆಗೇ ಮಾಳಿಗೆ ಸೀಳುಬಿಡುತ್ತದೆ. ಕೆಳಗಿನ ಪದರಕ್ಕೆ ಕೆಮ್ಮಣ್ಣನ್ನು ನೀರು ಹಾಕಿ ಕೊಳೆಸಿ, ತುಳಿದು ಬಳಸುತ್ತಿದ್ದರು. ಮೇಲಿನ ಪದರಕ್ಕೆ ಬೇಕಾದದ್ದು ಚೌಳುಮಣ್ಣು, ಇಲ್ಲವೆ ಹಾಳೂರಿನ ದಿಬ್ಬದ ಬಿಳಿ ಮಣ್ಣು. ಬೆಳೆಗೆ ಬಾರದ ಚೌಳು ಮಾಳಿಗೆಗೆ ಬಂಗಾರ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಮಳೆಯ ಮೊದಲ ಹನಿಗಳು ಬಿದ್ದಾಗ ಆ ನುಣ್ಣನೆಯ ಕಣಗಳು ಸಂದುಗಳಿಗೆ ಇಳಿದು ಮುಚ್ಚಿಕೊಳ್ಳುತ್ತವೆ, ಆಮೇಲಿನ ನೀರು ಒಳಗಿಳಿಯದೆ ಮೇಲೇ ಹರಿಯುತ್ತದೆ. ಹೊಲದಲ್ಲಿ ನೀರು ಇಂಗದಂತೆ ಮಾಡುವ ದೋಷವೇ ಮಾಳಿಗೆಯ ಮೇಲೆ ಗುಣವಾಯಿತು. ಮಣ್ಣಿನ ರಸಾಯನಶಾಸ್ತ್ರ ಈ ಮಾತನ್ನು ವಿವರಿಸಲು ಶಕ್ತವಾಗುವ ಎಷ್ಟೋ ಮೊದಲೇ ಹಳ್ಳಿಯವರು ಯಾವ ಹಳ್ಳದ ದಂಡೆಯ ಮಣ್ಣು ಸೋರುವುದಿಲ್ಲ ಎಂಬುದನ್ನು ಬಲ್ಲವರಾಗಿದ್ದರು. ಜಂತಿಯ ಮೇಲೆ ಲಕ್ಕಿ, ಬೇವು, ಬಂದರಿಕೆ ಸೊಪ್ಪು ಹಾಸುತ್ತಿದ್ದದ್ದು ಗೆದ್ದಲು ತಡೆಯಲು. ಒಲೆಯ ಹೊಗೆ ಬೆಳಕಿಂಡಿಯಿಂದ ಹೊರಹೋಗುವ ಮೊದಲು ತೊಲೆ ಜಂತಿಗಳನ್ನು ಒಣಗಿಸಿ ಕಪ್ಪಾಗಿಸಿ ಕಾಪಾಡುತ್ತಿತ್ತು. ಮಳೆ ಬಂದಾಗ ಬೆಳಕಿಂಡಿಯ ಮೇಲೆ ಚಪ್ಪಡಿ ಎಳೆಯುವುದು ಇಲ್ಲವೆ ಗಡಿಗೆ ಕವುಚುವುದು ಮನೆಯ ಹುಡುಗರ ಪಾಲಿನ ಕೆಲಸ.

ದೋಣಿ ನೋಡಲು ಸರಳ, ಇಡುವುದು ಕಷ್ಟ. ಒಳ್ಳೆಯ ಮನೆಗಳಲ್ಲಿ ಅದು ಒಂದೇ ಕಲ್ಲಿನದು: ಮೇಲ್ಭಾಗದಲ್ಲಿ ಕಾಲುವೆಯಂತೆ ಕೊರೆದು, ಹಿಂಬದಿಯನ್ನು ಮಾಳಿಗೆಯ ಮಣ್ಣಿನೊಳಗೆ ಹೂತು, ಮುಂಬದಿಯನ್ನು ಗೋಡೆಯಿಂದ ಒಂದು ಮೊಳದಷ್ಟಾದರೂ ಮುಂದೆ ಚಾಚುವರು. ಹಿಂಬದಿ ಹಗುರವಾದರೆ ಮುಂಬದಿ ತೂಗಿ ಕುಂಬಿಯನ್ನು ಕಿತ್ತುಕೊಂಡು ಬೀಳುತ್ತದೆ. ಅದಕ್ಕೆ ಅದರ ಮೇಲೆ ಭಾರದ ಕಲ್ಲು ಹೇರಬೇಕು. ತುದಿ ತುಸು ಕೆಳಮುಖವಾಗಿರಬೇಕು, ಇಲ್ಲದಿದ್ದರೆ ಸಣ್ಣ ಮಳೆಯಲ್ಲಿ ನೀರು ದೋಣಿಯ ಹೊಟ್ಟೆಗೆ ಅಂಟಿಕೊಂಡು ಹಿಂದಕ್ಕೆ ಹರಿದು ಗೋಡೆಗೇ ಇಳಿಯುತ್ತದೆ. ಇದನ್ನು ತಪ್ಪಿಸಲು ತುದಿಯ ಅಡಿಯಲ್ಲಿ ಉಳಿಯಿಂದ ಒಂದು ಅಡ್ಡಗೆರೆ ಕೊರೆದರೆ ಹನಿ ಅಲ್ಲೇ ಕಳಚಿಕೊಳ್ಳುತ್ತದೆ. ಕಲ್ಲು ತರಿಸಲಾಗದವರು ಮರದ ದಿಮ್ಮಿಯನ್ನು ಕೊರೆಸಿ ಇಡುತ್ತಿದ್ದರು. ಅದು ಬಿಸಿಲಿಗೆ ಸೀಳಿ, ಕೆಲವು ವರ್ಷಕ್ಕೊಮ್ಮೆ ಬದಲಿಗೆ ಬರುತ್ತಿತ್ತು. ಮುಂದೆ ಸೀಮೆಎಣ್ಣೆ ಡಬ್ಬಿ ಬಂದಾಗ ಅದರ ತಗಡನ್ನು ಬಗ್ಗಿಸಿ ಮರದ ದೋಣಿಗೆ ಒಳಹೊದಿಕೆ ಮಾಡಿದರು. ನೀರು ಬೀಳುವ ಜಾಗಕ್ಕೆ ಹಾಸುಗಲ್ಲು ಬೇಕೇ ಬೇಕು. ಬರಿ ನೆಲಕ್ಕೆ ಬಿದ್ದರೆ ಗುಂಡಿಯಾಗಿ, ರಾಡಿ ಸಿಡಿದು ಗೋಡೆಯ ಬುಡ ಕರಗುತ್ತದೆ. ಮನೆಯ ಮುಂದೆ ಹಗೇವು ಇದ್ದರಂತೂ ಇನ್ನಷ್ಟು ಎಚ್ಚರ, ನೆಲದೊಳಗಿನ ಆ ಕಣಜಕ್ಕೆ ನೀರು ಇಳಿದರೆ ವರ್ಷಗಟ್ಟಲೆ ಕೂಡಿಟ್ಟ ಜೋಳ ಮುಗ್ಗಿ ಕೆಡುತ್ತಿತ್ತು.

ವರ್ಷದ ದುರಸ್ತಿ ಶುರುವಾಗುತ್ತಿದ್ದದ್ದು ರೋಹಿಣಿ ಮಳೆಗೆ ಮುಂಚೆ, ಹೊಲದ ಕೆಲಸ ಇನ್ನೂ ಬಿರುಸಾಗದ ದಿನಗಳಲ್ಲಿ. ಮೊದಲು ಮಾಳಿಗೆಯ ಮೇಲಿನ ಒಣಹುಲ್ಲನ್ನು ಬೇರುಸಹಿತ ಕೀಳಬೇಕು. ಬೇರು ಕೊಳೆತ ತೂತು ನೀರಿಗೆ ನೇರ ದಾರಿ. ಇಲಿ ಬಿಲ, ಇರುವೆ ಗೂಡು ಅಗೆದು ಹಸಿ ಮಣ್ಣು ಮೆತ್ತಬೇಕು. ಆಮೇಲೆ ಸವೆದ ಮೇಲ್ಪದರವನ್ನು ಕೆರೆದು ತೆಗೆದು, ಹೊಸ ಚೌಳು ಹರಡಿ, ದೋಣಿಯ ಕಡೆಗೆ ಇಳಿಜಾರು ಬರುವಂತೆ ಹದ ಮಾಡಿ ತುಳಿಯಬೇಕು. ಕೆರೆಯುವ ಕೆಲಸವನ್ನು ಬಿಟ್ಟವರೇ ಹೆಚ್ಚು, ಅದು ಬಹಳ ಬೆವರು ಬಸಿಸುವ ಕೆಲಸ. ಹಳೆಯದರ ಮೇಲೇ ಹೊಸದನ್ನು ಹಾಕುತ್ತ ಹೋದರೆ ಮಾಳಿಗೆ ವರ್ಷವರ್ಷ ದಪ್ಪವಾಗುತ್ತದೆ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಪಡಸಾಲೆಯ ಮೇಲೆ 30 ಸೆಂಟಿಮೀಟರ್ ಮಣ್ಣಿದ್ದರೆ ಅದು ಆರು ಘನ ಮೀಟರ್. ಒಣಗಿದ್ದಾಗಲೇ ಹತ್ತು ಟನ್ನಿನ ಹತ್ತಿರ ಭಾರ. ನೆನೆದರೆ ಇನ್ನೂ ಒಂದೆರಡು ಟನ್ ಸೇರುತ್ತದೆ. ಗೌಂಡಿಗಳೂ ಬಡಿಗರೂ ತೊಲೆ ಬಾಗಿದ್ದನ್ನು ನೋಡಿದೊಡನೆ ಮೊದಲು ಮೇಲಿನ ಮಣ್ಣು ಇಳಿಸಿ ಎನ್ನುತ್ತಿದ್ದದ್ದು ಇದಕ್ಕೇ.

ದೋಣಿಯ ನೀರು ಯಾರ ಅಂಗಳಕ್ಕೆ ಬೀಳಬೇಕು ಎಂಬುದು ಬೇರೆಯೇ ಕಥೆ. ಗೋಡೆಗೆ ಗೋಡೆ ಹತ್ತಿದ ಓಣಿಗಳಲ್ಲಿ ಇದು ನ್ಯಾಯಪಂಚಾಯಿತಿಯವರೆಗೆ ಹೋಗುತ್ತಿತ್ತು, ಈಗಲೂ ಹೋಗುತ್ತದೆ. ಮಳೆನೀರು ಹೊರಹೋಗುವ ದಾರಿ, ಕಿಟಕಿ ಮೊದಲಾದವು ಮನೆ ಕಟ್ಟಿದಾಗಿನಿಂದ ಇದ್ದರೆ ಅವನ್ನು ಮುಚ್ಚಬಾರದೆಂದು ಬೃಹಸ್ಪತಿ ಸ್ಮೃತಿ ಹೇಳುತ್ತದೆ. ಬ್ರಿಟಿಷ್ ಆಡಳಿತದ 1882ರ ಈಸ್‌ಮೆಂಟ್ ಕಾಯ್ದೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಅನುಭವಿಸಿದ ಇಂಥ ಹಕ್ಕಿಗೆ ಮಾನ್ಯತೆ ಕೊಟ್ಟಿತು. ಊರಲ್ಲಿ ನಡೆದುಬಂದ ರೂಢಿಯೂ ಹೆಚ್ಚುಕಡಿಮೆ ಇದೇ: ಹಳೆಯ ದೋಣಿಯನ್ನು ಹಳೆಯ ಜಾಗದಲ್ಲೇ ಬದಲಿಸಬಹುದು, ಹೊಸದನ್ನು ನೆರೆಯವನ ಕಡೆಗೆ ಇಡುವಂತಿಲ್ಲ.

ಬದಲಾವಣೆ ಜಿಲ್ಲೆಯ ಎಲ್ಲ ಕಡೆ ಒಂದೇ ಹೊತ್ತಿಗೆ ಬರಲಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆ ಹರಿದ ಗಂಗಾವತಿ ಕಡೆ ಭತ್ತದ ದುಡ್ಡು ಬಂತು, ಸಿಮೆಂಟಿನ ಮನೆಗಳು ಬೇಗ ಎದ್ದವು. ಮಳೆಯನ್ನೇ ನಂಬಿದ ಯಲಬುರ್ಗಾ, ಕುಷ್ಟಗಿಗಳಲ್ಲಿ ಮಣ್ಣಿನ ಮಾಳಿಗೆ ಬಹುಕಾಲ ಉಳಿಯಿತು. ಆದರೆ ಅದನ್ನು ಉಳಿಸಿಕೊಳ್ಳುವ ಕೈಗಳು ಕಡಿಮೆಯಾದವು. ದುಡಿಯಲು ಗುಳೆ ಹೋದವರ ಮನೆಯಲ್ಲಿ ಬೇಸಿಗೆಗೆ ಮಾಳಿಗೆ ಹತ್ತುವವರಿಲ್ಲ. ಒಳ್ಳೆಯ ಜಂತಿಯ ಮರ ತುಟ್ಟಿಯಾಯಿತು. ಗ್ಯಾಸ್ ಒಲೆ ಬಂದ ಮೇಲೆ ಹೊಗೆಯಿಲ್ಲ, ಗೆದ್ದಲಿಗೆ ಅಡ್ಡಿಯೂ ಇಲ್ಲ. 1990ರ ದಶಕದಿಂದ ಆಶ್ರಯ ಯೋಜನೆಯ ಮನೆಗಳು, ತಗಡಿನ ಹೊದಿಕೆಗಳು ಊರಿನ ಅಂಚಿನಲ್ಲಿ ಬೆಳೆದಂತೆ ನಡುವಿನ ಹಳೆಯ ಮನೆಗಳು ದನ ಕಟ್ಟಲು, ಮೇವು ಒಟ್ಟಲು, ಇಲ್ಲವೆ ಮುದುಕರು ಇರಲು ಎಂಬಂತಾದವು.

ಇದರ ಪೆಟ್ಟು ಕಾಣಿಸಿದ್ದು 2009ರಲ್ಲಿ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ, ಹಸ್ತ ಮಳೆ ಹೂಡಿದ ಹೊತ್ತಿಗೇ, ಉತ್ತರ ಕರ್ನಾಟಕದಲ್ಲಿ ಮಳೆ ಬಿಡದೆ ಸುರಿಯಿತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಕೊಪ್ಪಳವೂ ಸೇರಿ ಹಲವು ಜಿಲ್ಲೆಗಳಲ್ಲಿ ಲಕ್ಷಾಂತರ ಮನೆಗಳು ಬಿದ್ದವು, ಇಲ್ಲವೆ ಜಖಂ ಆದವು. ಹೊಳೆಯ ನೀರು ನುಗ್ಗದ, ಹೊಳೆಯೇ ಇಲ್ಲದ ಊರುಗಳಲ್ಲೂ ಮನೆ ಬಿದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಅಂಥಲ್ಲಿ ಮನೆಯನ್ನು ಕೊಂದದ್ದು ಪ್ರವಾಹವಲ್ಲ, ಮಾಳಿಗೆಯ ಮೇಲೆ ನಿಂತ ನೀರು. ದೋಣಿಯ ಬಾಯಿ ಕಟ್ಟಿದಾಗ ನೀರು ಕುಂಬಿಯ ಒಳಗೆ ಕೆರೆಯಾಗುತ್ತದೆ, ಗೋಡೆಯ ನೆತ್ತಿಯಿಂದ ಒಳಗಿನ ಮಣ್ಣಿಗೆ ಇಳಿಯುತ್ತದೆ. ಹೊರಗೆ ಎರಡು ಕಲ್ಲಿನ ಮೈ, ನಡುವೆ ಮಣ್ಣು ತುಂಬಿದ ಗೋಡೆಯಲ್ಲಿ ಆ ಮಣ್ಣು ಮೆತ್ತಗಾದರೆ ಎರಡೂ ಮೈಗಳು ಹೊಟ್ಟೆ ಬಿಡುತ್ತವೆ. ಮೇಲೆ ಹತ್ತು ಹನ್ನೆರಡು ಟನ್ ಭಾರ. ಮಳೆ ನಿಂತ ಮೇಲೂ ನೀರು ಕೆಳಗಿಳಿಯುತ್ತಲೇ ಇರುವುದರಿಂದ ಗೋಡೆ ಮರುದಿನ, ಎಷ್ಟೋ ಸಲ ರಾತ್ರಿ ಎಲ್ಲರೂ ಮಲಗಿದ್ದಾಗ ಬೀಳುತ್ತದೆ. ಆ ಸಾವುಗಳಲ್ಲಿ ಎಷ್ಟನ್ನೋ ತಪ್ಪಿಸಬಹುದಿತ್ತು ಎಂಬುದು ನೋವಿನ ಮಾತು. ಸರ್ಕಾರ ಆಸರೆ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಮನೆ ಕಟ್ಟಿಸಿತು. 2019ರ ಮಳೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಬೀಳುವ ಮೊದಲು ಮಾಳಿಗೆ ದುರಸ್ತಿಗೆ ಕೊಡುವ ಹಣ ಇಂಥ ಲೆಕ್ಕಗಳಲ್ಲಿ ಕಾಣಿಸಿಕೊಂಡದ್ದು ಕಡಿಮೆ.

ಆರ್‌ಸಿಸಿ ಸ್ಲ್ಯಾಬಿನ ಮನೆಗಳಲ್ಲಿ ದೋಣಿಯ ಜಾಗಕ್ಕೆ ಪಿವಿಸಿ ಪೈಪಿನ ತುಂಡು ಬಂದಿದೆ. ಅದನ್ನು ಗೋಡೆಗೆ ಸಮನಾಗಿ ಕತ್ತರಿಸಿಬಿಟ್ಟರೆ ಹಳೆಯ ದೋಣಿಯ ಪಾಠವೇ ಮರೆತಂತೆ: ಗೋಡೆಯ ಮೇಲೆ ಹಸಿರು ಪಾಚಿಯ ಗೆರೆ ಮೂಡುತ್ತದೆ, ಗಿಲಾವು ಉದುರುತ್ತದೆ. ಎಲೆ, ಮಕ್ಕಳ ಚೆಂಡು, ಪ್ಲಾಸ್ಟಿಕ್ ಚೀಲ ಸಿಕ್ಕಿ ಬಾಯಿ ಕಟ್ಟಿದರೆ ನಿಂತ ನೀರು ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿ ಚಾವಣಿಯ ಚಕ್ಕೆ ಕೆಳಗೆ ಬೀಳುತ್ತದೆ. ಇದಕ್ಕೆ ವರ್ಷಗಳು ಬೇಕಾದ್ದರಿಂದ ಯಾರಿಗೂ ಅವಸರ ಕಾಣುವುದಿಲ್ಲ.

ಹೊರಗೆ ಹಾಕುತ್ತಿದ್ದ ನೀರನ್ನು ಹಿಡಿದಿಡುವ ಯೋಚನೆ ಆಮೇಲಿನದು. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಮಳೆನೀರಿನಲ್ಲಿ ಅದರ ಕಾಟವಿಲ್ಲ. ನೂರು ಚದರ ಮೀಟರ್ ಚಾವಣಿಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಒಂದು ಸಾವಿರ ಲೀಟರ್ ಆಗುತ್ತದೆ. ರಾಜ್ಯ ಏಕೀಕರಣದ ಸುವರ್ಣ ವರ್ಷದಲ್ಲಿ ಬಂದ ಸುವರ್ಣ ಜಲ ಯೋಜನೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಗ್ರಾಮೀಣ ಶಾಲೆಗಳ ಚಾವಣಿಗೆ ಪೈಪು, ಸೋಸುತೊಟ್ಟಿ, ಟ್ಯಾಂಕು ಜೋಡಿಸಲು ಹೊರಟಿತು. ಹಲವೆಡೆ ಸೋಸುತೊಟ್ಟಿ ಕಟ್ಟಿಕೊಂಡು, ಪೈಪು ಮುರಿದು ಕೆಲಸ ನಿಂತಿತು. ಪ್ರತಿ ಬೇಸಿಗೆಗೆ ಮೇಲೆ ಹತ್ತಿ ಗುಡಿಸಿ, ಪೈಪಿನ ಬಾಯಿ ನೋಡುವ ಹೊಣೆ ಯಾರದೆಂದು ನಿಗದಿಯಾದ ಶಾಲೆಗಳಲ್ಲಿ ಮಾತ್ರ ಇಂಥ ಏರ್ಪಾಡು ಬಾಳಿಕೆ ಬರುತ್ತದೆ.

ಉಳಿದಿರುವ ಮಣ್ಣಿನ ಮಾಳಿಗೆಗಳ ದುರಸ್ತಿ ಈಗ ಹಳತು ಹೊಸತರ ಬೆರಕೆ. ಒಡೆದ ಕಲ್ಲಿನ ದೋಣಿಯ ಜಾಗದಲ್ಲಿ ಪೈಪು ಹೂತು ಸುತ್ತ ಸಿಮೆಂಟು ಮೆತ್ತುತ್ತಾರೆ. ಮಣ್ಣು ಕುಗ್ಗಿದಾಗ ಸಿಮೆಂಟು ಕುಗ್ಗದೆ ನಡುವೆ ಬಿರುಕು ಬಿಡುತ್ತದೆ, ನೀರು ಅಲ್ಲೇ ಇಳಿಯುತ್ತದೆ. ಪೈಪಿನ ಸುತ್ತ ಚೌಳು ಕಲಸಿ ತುಂಬಿ, ಹಿಂಬದಿಗೆ ಹಾಸುಗಲ್ಲು ಹೇರಿ ಕೂರಿಸಿದ್ದು ಹೆಚ್ಚು ಕಾಲ ತಡೆಯುತ್ತದೆ. ಜಡಿ ಹಿಡಿದರೆ ತಾಡಪತ್ರಿ ಹೊದಿಸುವುದುಂಟು. ಅದರ ಅಂಚು ಕುಂಬಿಯನ್ನು ದಾಟಿ ಹೊರಕ್ಕೆ ಇಳಿಬಿದ್ದಿರಬೇಕು, ಮಳೆ ಹೊಳವಾದ ದಿನ ಅದನ್ನು ತೆಗೆದು ಮಣ್ಣಿಗೆ ಬಿಸಿಲು ಕಾಣಿಸಬೇಕು.