‘ಆಗಾಗ’ ಅಂದರೆ ಎಷ್ಟು ಸಲ?

ಕಾಫಿ ಸೀಮೆಯ ಬಣಕಲ್ ಹೋಬಳಿಯ ಶಾಲೆಯೊಂದರಲ್ಲಿ ನಾನು ನಾಲ್ಕನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಒಂದು ದಿನ ನನ್ನ ಕೈಗೆ ಎರಡು ಹಾಳೆಯ ಫಾರಂ ಬಂತು. ಕಳಿಸಿದವರು ಮಂಗಳೂರಿನ ಒಬ್ಬ ಡಾಕ್ಟರು. ತಂದವಳು ತೋಟದ ಲೈನ್ ಮನೆಯ ಒಬ್ಬ ತಾಯಿ. ಮಳೆಗೆ ನೆನೆಯಬಾರದೆಂದು ಅದನ್ನು ಹಾಲಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟಿದ್ದಳು. ಪ್ರತಿ ಪ್ರಶ್ನೆಯ ಮುಂದೆ ನಾಲ್ಕು ಕಾಲಂ: ಎಂದೂ ಇಲ್ಲ, ಕೆಲವೊಮ್ಮೆ, ಆಗಾಗ, ಬಹಳ ಸಲ. ಅವಳ ಮಗನ ಬಗ್ಗೆ ನಾನು ಟಿಕ್ ಹಾಕಿ ಕೊಡಬೇಕಿತ್ತು. ಸಾಮಾನು ಕಳೆದುಕೊಳ್ಳುತ್ತಾನೆಯೇ ಎಂಬ ಪ್ರಶ್ನೆಗೆ ಬಂದು ನಿಂತೆ. ಆ ಒಂದೇ ವಾರದಲ್ಲಿ ಅವನು ಕಳೆದದ್ದು ಎರಡು ಪೆನ್ಸಿಲು, ಒಂದು ಛತ್ರಿ, ಒಂದು ಕಾಲಿನ ಚಪ್ಪಲಿ. ಇದು ‘ಆಗಾಗ’ವೋ, ‘ಬಹಳ ಸಲ’ವೋ?

ಆ ಟಿಕ್ಕಿಗೆ ಎಷ್ಟು ತೂಕವಿದೆಯೆಂದು ಅಂದು ನನಗೆ ತಿಳಿದಿರಲಿಲ್ಲ. ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ರಕ್ತ ಪರೀಕ್ಷೆಯಲ್ಲಿ ಸಿಗುವುದಿಲ್ಲ, ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ಅದು ಕಾಣುವುದು ಮಗುವನ್ನು ದಿನಾ ನೋಡುವವರ ಮಾತಿನಲ್ಲಿ. ಈ ಕ್ಷೇತ್ರದ ಚರಿತ್ರೆಯನ್ನು ಆಮೇಲೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಮಗುವಿನ ವಿಷಯದಲ್ಲಿ ಯಾರ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂಬುದನ್ನು ವೈದ್ಯಲೋಕ ನಿಧಾನವಾಗಿ, ಎಡವುತ್ತಾ ಕಲಿತ ಕಥೆ ಅದು.

ಮೊದಲು ಸಾಕ್ಷಿ ವೈದ್ಯನ ಕಣ್ಣೊಂದೇ. 1798ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಕ್ರೈಟನ್ ಮನೋವ್ಯಾಧಿಗಳ ಕುರಿತ ತಮ್ಮ ಗ್ರಂಥದಲ್ಲಿ ಗಮನ ಮತ್ತು ಅದರ ತೊಂದರೆಗಳಿಗೆ ಒಂದು ಅಧ್ಯಾಯ ಕೊಟ್ಟರು. 1902ರ ಮಾರ್ಚಿನಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿ ಚೆನ್ನಾಗಿಯೇ ಇದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಮಾಲೆ ಕೊಟ್ಟರು. ಅದಕ್ಕೆ ಅವರಿಟ್ಟ ಹೆಸರು ‘ನೈತಿಕ ಹತೋಟಿಯ ದೋಷ’. ಹೆಸರಿನಲ್ಲಿಯೇ ಮಗುವಿನ ಮೇಲೆ ತೀರ್ಪು ಕೂತಿದೆ. ಆದರೂ ತಂದೆತಾಯಿ ಸಾಕಿದ್ದು ಸರಿಯಿಲ್ಲ ಎಂದು ಕೈತೊಳೆದುಕೊಳ್ಳದೆ ಕಾರಣವನ್ನು ದೇಹದಲ್ಲಿ ಹುಡುಕಿದರಲ್ಲ, ಅದಕ್ಕಾಗಿ ಸ್ಟಿಲ್ ಅವರನ್ನು ನೆನೆಯಬೇಕು. ನಮ್ಮ ಕಡೆ ಇಂದಿಗೂ ಇಂಥ ಹುಡುಗನನ್ನು ಕಂಡರೆ ಮೊದಲು ಬರುವ ಮಾತು, “ಮನೇಲಿ ಎರಡು ಬಿಗಿದಿದ್ರೆ ಸರಿಯಾಗ್ತಿದ್ದ” ಎಂಬುದೇ.

ಮೊದಲ ಮಹಾಯುದ್ಧದ ಹೊತ್ತಿಗೆ ಹರಡಿದ ಮಿದುಳಿನ ಉರಿಯೂತದಿಂದ ಬದುಕುಳಿದ ಕೆಲವು ಮಕ್ಕಳಲ್ಲಿ ಇಂಥದೇ ಚಡಪಡಿಕೆ ಕಂಡಿತು. ಅಲ್ಲಿಂದ ‘ಮಿದುಳಿನ ಅಲ್ಪ ಹಾನಿ’ ಎಂಬ ಹೆಸರು ಬಂತು. ಹಾನಿಯನ್ನು ಕಣ್ಣಾರೆ ಕಂಡವರಿರಲಿಲ್ಲ. ಮಗು ಕೂತಲ್ಲಿ ಕೂರುವುದಿಲ್ಲ ಎಂಬುದೇ ಹಾನಿಗೆ ಪುರಾವೆಯಾಯಿತು. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧಿ ಕೊಟ್ಟು ನೋಡಿದರು. ಸುಮಾರು ಅರ್ಧದಷ್ಟು ಮಕ್ಕಳು ಪಾಠದಲ್ಲಿ ಎದ್ದು ಕಾಣುವ ಹಾಗೆ ಸುಧಾರಿಸಿದರು. 1944ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಲಿಯಾಂಡ್ರೊ ಪಾನಿಜಾನ್ ಅದೇ ಬಗೆಯ ಔಷಧಿಯಾದ ಮಿಥೈಲ್‌ಫೆನಿಡೇಟ್ ತಯಾರಿಸಿದರು. ಹೆಂಡತಿ ರೀಟಾಳ ಹೆಸರಿನಿಂದ ಅದು ‘ರಿಟಾಲಿನ್’ ಆಯಿತು. ಇಷ್ಟಾದ ಮೇಲೆ ಮಾತ್ರೆಯೇ ಸಾಕ್ಷಿಯಾಯಿತು: ಕೆಲಸ ಮಾಡಿದರೆ ಕಾಯಿಲೆ ಇದೆ, ಇಲ್ಲದಿದ್ದರೆ ಇಲ್ಲ. 1978ರಲ್ಲಿ ಜುಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ಜಾತಿಯ ಔಷಧಿ ಕೊಟ್ಟಾಗ ಅವರ ಚಡಪಡಿಕೆಯೂ ತಗ್ಗಿ ಗಮನ ಹೆಚ್ಚಿತು. ಆ ತರ್ಕ ಅಲ್ಲಿಗೇ ಮುರಿದುಬಿತ್ತು. “ಮಾತ್ರೆ ಕೊಟ್ಟು ನೋಡೋಣ, ಗೊತ್ತಾಗುತ್ತೆ” ಎಂದು ಇಂದು ಯಾರಾದರೂ ಹೇಳಿದರೆ ತಂದೆತಾಯಿ ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಮೇಷ್ಟ್ರ ಮಾತಿಗೆ ಬೆಲೆ ಬಂದದ್ದು 1969ರಲ್ಲಿ. ಕೀತ್ ಕಾನರ್ಸ್ ಎಂಬ ಮನಶ್ಶಾಸ್ತ್ರಜ್ಞರು ಶಿಕ್ಷಕರು ತುಂಬುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ನನ್ನ ಮೇಜಿಗೆ ಬಂದದ್ದು ಅದರ ದೂರದ ಸಂತಾನ. ಕೆನಡಾದ ವರ್ಜೀನಿಯಾ ಡಗ್ಲಸ್ 1972ರಲ್ಲಿ ಓಡಾಟಕ್ಕಿಂತ ಗಮನದ ತೊಂದರೆಯೇ ಮೂಲ ಎಂದು ವಾದಿಸಿದರು. ಅದರ ಫಲವಾಗಿ 1980ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿಯ ಮೂರನೇ ಆವೃತ್ತಿ ಈ ಸಮಸ್ಯೆಯ ಹೆಸರನ್ನೇ ಬದಲಿಸಿ, ಓಡಾಟವಿಲ್ಲದ ಮಗುವಿಗೂ ಇದು ಇರಬಹುದೆಂದು ಒಪ್ಪಿತು. ಮನೆಯವರ ಮಾತಿಗೂ ಶಿಕ್ಷಕರ ಮಾತಿಗೂ ತಾಳೆಯಾಗದಿದ್ದರೆ ಶಿಕ್ಷಕರ ಮಾತಿಗೇ ಹೆಚ್ಚು ಬೆಲೆ ಕೊಡಿ ಎಂದೂ ಅದೇ ಕೈಪಿಡಿ ಹೇಳಿತು. ಆ ವಯಸ್ಸಿನ ಹತ್ತಾರು ಮಕ್ಕಳನ್ನು ನೋಡಿದವರು ಅವರಲ್ಲವೇ? ಎಡಿಎಚ್‌ಡಿ ಎಂಬ ಹೆಸರು 1987ರದ್ದು. 1994ರಲ್ಲಿ ಕೈಪಿಡಿಯ ನಿಲುವು ಪಲ್ಲಟವಾಯಿತು: ತೊಂದರೆ ಎರಡು ಕಡೆಯಾದರೂ, ಮನೆಯಲ್ಲೂ ಶಾಲೆಯಲ್ಲೂ, ಕಾಣಬೇಕು. ಒಬ್ಬರ ದೂರು ಸಾಲದು. ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಾಣುವ ಸಾಲು ಅದು. 2013ರ ಐದನೇ ಆವೃತ್ತಿ ಲಕ್ಷಣಗಳು ಶುರುವಾಗಿರಬೇಕಾದ ವಯಸ್ಸನ್ನು 7ರಿಂದ 12ಕ್ಕೆ ಏರಿಸಿತು.

ಕನ್ನಡ ನಾಡಿನ ಪಾಲು ಇದರಲ್ಲಿ ಸಣ್ಣದಲ್ಲ. ಮಗುವನ್ನು ಅದರ ಭಾಷೆಯಲ್ಲೇ ಅಳೆಯಬೇಕು ಎಂಬ ವಿವೇಕ ಇಲ್ಲಿ 1930ರ ದಶಕದಲ್ಲೇ ಮೂಡಿತ್ತು. ವಿ.ವಿ. ಕಾಮತರು ಫ್ರಾನ್ಸಿನ ಬಿನೆ ಬುದ್ಧಿಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗಾಗಿ ಪರಿಷ್ಕರಿಸಿದ್ದು 1934ರಲ್ಲಿ. ‘ಬಿನೆ-ಕಾಮತ್ ಪರೀಕ್ಷೆ’ ಎಂಬ ಹೆಸರನ್ನು ಇಂದೂ ನಮ್ಮ ಮಕ್ಕಳ ವರದಿಗಳಲ್ಲಿ ಓದಬಹುದು. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿ ಮಾಳವಿಕಾ ಕಪೂರ್ ಶಾಲಾ ಶಿಕ್ಷಕರಿಗೆ ತರಬೇತಿ ಕೊಟ್ಟು ಮಕ್ಕಳ ಮನಸ್ಸಿನ ತೊಂದರೆಗಳನ್ನು ತರಗತಿಯಲ್ಲೇ ಗುರುತಿಸುವ ದಾರಿ ಹಾಕಿಕೊಟ್ಟರು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯ ಪ್ರಯೋಗಗಳನ್ನು ನಡೆಸಿದ ಶಿವರಾಮ ಕಾರಂತರ ಮಗಳು ಅವರು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. 2005ರಲ್ಲಿ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳ ಸಮೀಕ್ಷೆಯನ್ನು ಪ್ರಕಟಿಸಿದರು. 16 ವರ್ಷದವರೆಗಿನವರಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಎಡಿಎಚ್‌ಡಿ ಅವುಗಳಲ್ಲಿ ಒಂದು. 2014ರಲ್ಲಿ 6ರಿಂದ 9 ವರ್ಷದ ಭಾರತೀಯ ಮಕ್ಕಳಿಗೆಂದೇ ಇನ್‌ಕ್ಲೆನ್ ಸಂಸ್ಥೆಯ ಎಡಿಎಚ್‌ಡಿ ಪರೀಕ್ಷಾ ಸಾಧನ ಬಂತು.

ಈಗ ತಪಾಸಣೆ ನಡೆಯುವ ಬಗೆ ಹೀಗೆ. ಡಾಕ್ಟರು ಮೊದಲು ಕೇಳುವುದು ಬಾಲ್ಯದ ಕಥೆ: ಹೆರಿಗೆ ಹೇಗಾಯಿತು, ಮಗು ಯಾವಾಗ ನಡೆಯಿತು, ಯಾವಾಗ ಮಾತಾಡಿತು, ಫಿಟ್ಸ್ ಬಂದಿತ್ತೇ, ರಾತ್ರಿ ಗೊರಕೆ ಹೊಡೆಯುತ್ತದೆಯೇ, ಅಪ್ಪನೋ ಮಾವನೋ ಚಿಕ್ಕಂದಿನಲ್ಲಿ ಹೀಗೇ ಇದ್ದರೇ. ಆಮೇಲೆ ಕಿವಿ, ಕಣ್ಣು. ಕಿವಿ ಸೋರಿ ಸೋರಿ ಅರ್ಧ ಕೇಳಿಸುವ ಮಗು ತರಗತಿಯಲ್ಲಿ ಗಮನವಿಲ್ಲದ ಮಗುವಿನ ಹಾಗೆಯೇ ಕಾಣುತ್ತದೆ. ಕೆಲವು ಸೆಕೆಂಡು ಕಣ್ಣು ನೆಟ್ಟು ಸ್ತಬ್ಧವಾಗುವ ಒಂದು ಬಗೆಯ ಮೂರ್ಛೆಯಿದೆ; ಅದನ್ನು ‘ಕನಸು ಕಾಣ್ತಾ ಕೂತಿರ್ತಾಳೆ’ ಎಂದು ಬೈದು ಬಿಟ್ಟವರಿದ್ದಾರೆ. ಅಂಥ ಅನುಮಾನವಿದ್ದರೆ ಇಇಜಿ ಬೇಕಾಗುತ್ತದೆ, ಎಡಿಎಚ್‌ಡಿ ಪತ್ತೆಗಲ್ಲ. ಓದು-ಬರಹದಲ್ಲಿ ಹಿಂದಿದ್ದರೆ ಬುದ್ಧಿಪರೀಕ್ಷೆ, ಕಲಿಕಾ ನ್ಯೂನತೆ ಅಳೆಯುವ ನಿಮ್ಹಾನ್ಸಿನ ಪರೀಕ್ಷೆಗಳು. ಕಂಪ್ಯೂಟರಿನ ಮುಂದೆ ಕೂರಿಸಿ ಗಮನ ಅಳೆಯುವ ಪರೀಕ್ಷೆಗಳೂ ಬಂದಿವೆ. ಅವುಗಳಿಂದ ಸಹಾಯವಾಗಬಹುದು, ಆದರೆ ಅವುಗಳ ಅಂಕ ಒಂದನ್ನೇ ಹಿಡಿದು ಹೆಸರಿಡುವಂತಿಲ್ಲ. ಕೊನೆಗೆ ಎರಡೂ ಕಡೆಯ ಫಾರಂಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಗಮನಕ್ಕೆ ಸೇರಿದ ಒಂಬತ್ತು ಲಕ್ಷಣಗಳಲ್ಲಿ ಆರು, ಅಥವಾ ಚಡಪಡಿಕೆ-ದುಡುಕಿನ ಒಂಬತ್ತರಲ್ಲಿ ಆರು, ಆರು ತಿಂಗಳಿಗೂ ಮಿಕ್ಕಿ ಇರಬೇಕು. 17 ದಾಟಿದವರಿಗೆ ಐದು ಸಾಕು. ಇವೆಲ್ಲ ಇದ್ದರೂ ಮಗುವಿನ ದಿನಚರಿ ಕೆಡದಿದ್ದರೆ ಅದು ಕಾಯಿಲೆಯಲ್ಲ. ಚೂಟಿ ಹುಡುಗರಿಗೂ ಈ ಲೋಕದಲ್ಲಿ ಜಾಗವಿದೆ.

ವಯಸ್ಸಿನ ಲೆಕ್ಕವನ್ನು ಮೇಷ್ಟ್ರು ಮರೆಯುವುದುಂಟು, ನಾನೂ ಮರೆತಿದ್ದೇನೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತರಗತಿಗೆ ಅತಿ ಕಿರಿಯರಾದ ಡಿಸೆಂಬರಿನಲ್ಲಿ ಹುಟ್ಟಿದ ಹುಡುಗರಿಗೆ, ಜನವರಿಯಲ್ಲಿ ಹುಟ್ಟಿದವರಿಗಿಂತ ಶೇ. 30ರಷ್ಟು ಹೆಚ್ಚಾಗಿ ಎಡಿಎಚ್‌ಡಿ ಎಂದು ಬರೆಯಲಾಗಿತ್ತು, ಹುಡುಗಿಯರಿಗೆ ಶೇ. 70ರಷ್ಟು. ನಮ್ಮಲ್ಲಿ ಒಂದನೇ ತರಗತಿಗೆ ಸೇರುವ ವಯಸ್ಸಿನ ಬಗ್ಗೆ ಜಗ್ಗಾಟ ನಡೆಯುವಾಗಲೆಲ್ಲ ನನಗೆ ಈ ಅಂಕಿ ನೆನಪಾಗುತ್ತದೆ. ಮಗು ಚಿಕ್ಕದು ಅಷ್ಟೇ ಆಗಿರಬಹುದು.

ನಲಿ-ಕಲಿಯ ಮಾತನ್ನೂ ಸೇರಿಸುತ್ತೇನೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ರಾಜ್ಯವೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು, ಎದ್ದು ಕಾರ್ಡು ತಂದು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಲ್ಲಿ ಮಗು ಓಡಾಡಿದರೆ ತಪ್ಪಲ್ಲ. ನಾಲ್ಕನೇ ತರಗತಿಗೆ ಬಂದು ಬೆಂಚಿನ ಮೇಲೆ ಕೂತ ಮೇಲೆ ದೂರು ಹುಟ್ಟುತ್ತದೆ. “ಮೂರರವರೆಗೆ ಸರಿಯಾಗೇ ಇದ್ದ ಟೀಚರ್, ನಿಮ್ಮ ಕ್ಲಾಸಿಗೆ ಬಂದ ಮೇಲೇ ಹೀಗಾದ” ಎಂದು ಆ ತಾಯಿ ನನಗೆ ಹೇಳಿದಾಗ ನನಗೆ ನೋವಾಗಿತ್ತು. ಅವಳು ಹೇಳಿದ್ದರಲ್ಲಿ ಒಂದು ನಿಜ ಇತ್ತು ಎಂದು ಈಗ ಗೊತ್ತಾಗುತ್ತದೆ. ಅವನು ಬದಲಾಗಿರಲಿಲ್ಲ, ಅವನು ಕೂರಬೇಕಾದ ಜಾಗ ಬದಲಾಗಿತ್ತು.

ಎರಡು ಸಾಕ್ಷಿ, ಆರು ತಿಂಗಳು. ಕಾಗದದ ಮೇಲೆ ಸುಲಭ. ನಮ್ಮ ಕಾಫಿ ಸೀಮೆಯಲ್ಲಿ ಇವೆರಡೂ ಕಷ್ಟ. ಒಂದು ತೋಟದ ಕೊಯ್ಲು ಮುಗಿದು ಇನ್ನೊಂದು ತೋಟಕ್ಕೆ ಸಂಸಾರ ಹೊರಟರೆ ಮಗುವಿನ ಟಿಸಿಯೂ ಹೊರಟಿತು. ಆರು ತಿಂಗಳು ನೋಡಿದ ಮೇಷ್ಟ್ರೇ ಇರುವುದಿಲ್ಲ. ಲೈನ್ ಮನೆಗಳಲ್ಲಿ ತುಳು, ಬ್ಯಾರಿ, ಮಲಯಾಳ, ತಮಿಳು, ಈಚೆಗೆ ಅಸ್ಸಾಮಿನಿಂದ ಬಂದವರ ಮಾತು. ಫಾರಂ ಇರುವುದು ಇಂಗ್ಲಿಷಿನಲ್ಲಿ, ಹೆಚ್ಚೆಂದರೆ ಪುಸ್ತಕದ ಕನ್ನಡದಲ್ಲಿ. ಮಗು ಮೋಟಾರು ಹಾಕಿದ ಹಾಗೆ ಓಡುತ್ತಲೇ ಇರುತ್ತದೆಯೇ ಎಂದು ಇಂಥ ಪ್ರಶ್ನಾವಳಿಗಳಲ್ಲಿ ಕೇಳಿರುತ್ತದೆ. ಆ ತಾಯಿ ತುಂಬಬೇಕಿದ್ದ ಫಾರಂನಲ್ಲಿ ಅದನ್ನು ಅವಳಿಗೆ ಓದಿ ಹೇಳಿದವರು ತೋಟದ ರೈಟರ್. ಅವಳಿಗೆ ಮೋಟಾರು ಎಂದರೆ ಕೆರೆಯಿಂದ ನೀರೆತ್ತುವ ಪಂಪು. ಇಲ್ಲ ಎಂದಳು. ಆಮೇಲೆ ನಾನು, “ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಆಡ್ತಾನಾ ಅಮ್ಮ?” ಎಂದು ಕೇಳಿದೆ. ಮುಖವೇ ಬದಲಾಯಿತು. “ಹೌದು ಟೀಚರ್, ನಿದ್ದೆಯಲ್ಲೂ ನಿಲ್ಲಲ್ಲ” ಎಂದಳು. ಸಾಹುಕಾರರ ತೋಟದಲ್ಲಿ ಕೆಲಸ ಕೊಡುವ ರೈಟರ್ ಎದುರಿಗೆ ನನ್ನ ಮಗ ಸರಿಯಿಲ್ಲ ಎನ್ನಲು ಯಾವ ತಾಯಿಗೆ ಬಾಯಿ ಬರುತ್ತದೆ?

ಇನ್ನೊಂದು ಎಚ್ಚರ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಯ ಕಡೆ ಗುಡ್ಡ ಜರಿದದ್ದನ್ನು ಈ ಸೀಮೆಯವರು ಮರೆತಿಲ್ಲ. ಅಂಥದ್ದನ್ನು ಕಂಡ ಮಗು ಜೋರು ಮಳೆ ಹಿಡಿದಾಗ ಪುಸ್ತಕ ಬಿಟ್ಟು ಕಿಟಕಿ ನೋಡಿದರೆ ಅದರ ಕಾರಣ ಬೇರೆ. ಎಂದಿನಿಂದ ಹೀಗೆ ಎಂಬ ಒಂದು ಪ್ರಶ್ನೆ ಇಂಥ ಭಯವನ್ನೂ ಎಡಿಎಚ್‌ಡಿಯನ್ನೂ ಬೇರ್ಪಡಿಸುತ್ತದೆ. ಮನೆಯಲ್ಲಿ ಕುಡಿತ, ಜಗಳ, ಹಸಿವು ಇದ್ದರೂ ಅದೇ ಪ್ರಶ್ನೆಯನ್ನು ತಾಳ್ಮೆಯಿಂದ ಕೇಳಬೇಕು.

ವ್ಯವಸ್ಥೆ ಇಲ್ಲವೇ ಇಲ್ಲ ಎನ್ನಲಾರೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮಾದರಿ. 2014ರ ಮನೋಚೈತನ್ಯ ಯೋಜನೆ ಮಂಗಳವಾರಗಳಲ್ಲಿ ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವ ಏರ್ಪಾಡು ಮಾಡಿತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ. ಅದರ ಪಟ್ಟಿಯ ತೊಂದರೆಗಳಲ್ಲಿ ಎಡಿಎಚ್‌ಡಿಯೂ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಆದರೆ 21 ಅಂಗವೈಕಲ್ಯಗಳನ್ನು ಗುರುತಿಸಿದ 2016ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಇವೆ, ಎಡಿಎಚ್‌ಡಿಯ ಹೆಸರಿಲ್ಲ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯಕ್ಕಾಗಿ ಅಲೆಯುವ ಎಸ್ಸೆಸ್ಸೆಲ್ಸಿ ಮಕ್ಕಳ ತಂದೆತಾಯಿಗೆ ಈ ಒಂದು ಸಾಲಿನ ಕೊರತೆ ಎಷ್ಟು ಭಾರವೆಂದು ಅದನ್ನು ಹೊತ್ತವರಿಗೇ ಗೊತ್ತು.

ಹದಿಹರೆಯದವರ ವಿಷಯದಲ್ಲಿ ಸಾಕ್ಷಿಯ ಪಟ್ಟಿಗೆ ಈಗ ಅವರೂ ಸೇರಿದ್ದಾರೆ. ಪಿಯುಸಿಯ ಹುಡುಗಿ ತಾನೇ ಬಂದು, ಓಡಾಡುತ್ತಿಲ್ಲ ಮೇಡಂ, ತಲೆಯೊಳಗೆ ಮಾತ್ರ ನಿಲ್ಲುವುದಿಲ್ಲ ಎಂದು ಹೇಳಿದರೆ ಕೇಳುವ ಡಾಕ್ಟರು ಇದ್ದಾರೆ. ಸದ್ದು ಮಾಡದ, ಹಿಂದಿನ ಬೆಂಚಿನ ಹುಡುಗಿಯರು ಎಷ್ಟೋ ಜನ ಫಾರಂ ಇಲ್ಲದೆಯೇ ದಾಟಿಹೋದರು. ನನ್ನ ತರಗತಿಯಿಂದಲೂ ಹೋಗಿರಬೇಕು. ಆದರೆ ತಾವಾಗಿ ಬಂದವರೂ 12 ವರ್ಷಕ್ಕೆ ಮುಂಚೆಯೂ ಹೀಗೇ ಇತ್ತೆಂದು ತೋರಿಸಬೇಕಲ್ಲ. ಆಗ ಬೇಕಾಗುವುದು ಟ್ರಂಕಿನ ತಳದಲ್ಲಿರುವ ಹಳೆಯ ಪ್ರಗತಿ ಪತ್ರ, ಅದರಲ್ಲಿ ಯಾವುದೋ ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದ ‘ಬುದ್ಧಿ ಇದೆ, ಗಮನ ಸಾಲದು’ ಎಂಬ ಷರಾ.

ಅಂದು ನಾನು ‘ಬಹಳ ಸಲ’ಕ್ಕೆ ಟಿಕ್ ಹಾಕಿದೆ. ಕೆಳಗೆ ಖಾಲಿ ಉಳಿದ ಜಾಗದಲ್ಲಿ ಪೆನ್ಸಿಲು, ಛತ್ರಿ, ಚಪ್ಪಲಿಯ ಲೆಕ್ಕವನ್ನೂ ಬರೆದೆ. ಅದರ ಜೊತೆಗೆ, ಕೊಟ್ಟಿಗೆಹಾರದ ಕಡೆಯಿಂದ ಬರುವ ಬಸ್ಸುಗಳ ಸದ್ದನ್ನು ಕೇಳಿಯೇ ಯಾವ ಬಸ್ಸು ಎಂದು ಹೇಳುತ್ತಾನೆ, ಒಂದೂ ತಪ್ಪುವುದಿಲ್ಲ ಎಂದು ಸೇರಿಸಿದೆ. ಅದನ್ನು ಯಾವ ಕಾಲಮ್ಮೂ ಕೇಳಿರಲಿಲ್ಲ. ತಾಯಿ ಹಾಳೆಯನ್ನು ಮತ್ತೆ ಹಾಲಿನ ಕವರಿಗೆ ಹಾಕಿ, ಬಾಯಿಗೆ ಗಂಟು ಬಿಗಿದು, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಬಸ್ಸಿಗೆ ಮಗನ ಕೈ ಹಿಡಿದು ಹೊರಟಳು.