ಪುಣೆಯಲ್ಲಿ ಹಳೆಯ ಮೋಟಾರ್ ಸೈಕಲ್ಲುಗಳ ಜೀರ್ಣೋದ್ಧಾರ

ಕೆಟ್ಟುನಿಂತ ಯಂತ್ರವನ್ನು ಓಡಿಸುವ ವಿದ್ಯೆ ಯಂತ್ರದಷ್ಟೇ ಹಳೆಯದು. ಕಾರ್ಖಾನೆಯ ಬಾಗಿಲು ದಾಟಿದ ದಿನ ಅದು ಯಾವ ರೂಪದಲ್ಲಿತ್ತೋ ಅದೇ ರೂಪಕ್ಕೆ ಅದನ್ನು ಮರಳಿಸಬೇಕೆಂಬ ಹಂಬಲವಾದರೋ ತೀರ ಈಚಿನದು. ಇಂಗ್ಲೆಂಡಿನಲ್ಲಿ ಈ ಹಂಬಲವು 1946ರಲ್ಲಿ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬೆಂಬ ಸಂಘವಾಗಿ ರೂಪುಗೊಂಡಿತು. ಅದೇ ವರ್ಷ ಪುಣೆಯ ಖಡ್ಕಿಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪಿತವಾಯಿತು. ಈ ಎರಡಕ್ಕೂ ನೇರ ಸಂಬಂಧವಿಲ್ಲ. ಆದರೂ ಅಲ್ಲಿ ವಿರಾಮದ ಹವ್ಯಾಸವಾಗಿ ಹುಟ್ಟಿದ ಕಲೆಯು ಇಲ್ಲಿ ಕೈಗಾರಿಕೆಯ ನೆರಳಿನಲ್ಲಿ, ಹೊಟ್ಟೆಪಾಡಿನ ಕಸುಬಾಗಿ ಬೆಳೆಯಿತೆಂಬುದನ್ನು ಮನಗಾಣಲು ಇವನ್ನು ಒಟ್ಟಿಗೆ ನೆನೆಯುವುದು ಉಚಿತ. ಕಿರ್ಲೋಸ್ಕರ್ ಉದ್ಯಮದ ಮೂಲಪುರುಷರಾದ ಲಕ್ಷ್ಮಣರಾಯರು 1888ರಲ್ಲಿ ತೆರೆದದ್ದು ಬೆಳಗಾವಿಯ ಒಂದು ಸೈಕಲ್ ಅಂಗಡಿಯನ್ನೆಂಬುದನ್ನು ಕನ್ನಡಿಗರು ಮರೆಯಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ಬಳಿಕ ಸೈನ್ಯವು ವಿಲೇವಾರಿ ಮಾಡಿದ ಬಿ.ಎಸ್.ಎ. ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಮೊದಲಾದ ವಾಹನಗಳು ಭಾರತದಲ್ಲಿ ನಾಗರಿಕರ ಕೈಸೇರಿದವು. ದಕ್ಷಿಣ ಕಮಾಂಡಿನ ಕೇಂದ್ರವಾದ ಪುಣೆಗೆ ಇಂಥ ಯಂತ್ರಗಳು ಹೊಸವಲ್ಲ. ಆದರೆ ಆಮದು ನಿರ್ಬಂಧದ ಆ ಕಾಲದಲ್ಲಿ ಬರ್ಮಿಂಗ್‌ಹ್ಯಾಮಿನ ಬಿಡಿಭಾಗ ದೊರೆಯುವ ಸಂಭವವಿಲ್ಲದ್ದರಿಂದ, ಬುಷ್ಷನ್ನು ಲೇತಿನಲ್ಲಿ ಕಡೆದು, ಬೇರೆ ವಾಹನದ ಪಿಸ್ಟನ್ನನ್ನು ಹೊಂದಿಸಿ, ವಿಟ್‌ವರ್ತ್ ಅಳತೆಯ ಬೋಲ್ಟು ಸವೆದಾಗ ಕೈಗೆ ಸಿಕ್ಕ ಅಳತೆಗೆ ತಿರುಪಿನ ಮರೆಯನ್ನೇ ಮತ್ತೆ ಕೊರೆದು, ಒಟ್ಟಿನಲ್ಲಿ ಗಾಡಿಯನ್ನು ಬೆಳಗಾಗುವುದರೊಳಗೆ ರಸ್ತೆಗಿಳಿಸುವುದೇ ಮಿಸ್ತ್ರಿಯ ಧರ್ಮವೆನಿಸಿತ್ತು. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಈ ಬಗೆಯ ವರ್ಕ್‌ಶಾಪುಗಳ ಆಧಾರಸ್ತಂಭಗಳಾಗಿದ್ದವು. ಅಂದಿನ ಆ ಜಾಣ್ಮೆಯೇ ಇಂದಿನ ಜೀರ್ಣೋದ್ಧಾರಕನಿಗೆ ತಲೆನೋವಾಗಿದೆ. ಪೆಟ್ರೋಲ್ ಎಂಜಿನನ್ನು ಕಿತ್ತೊಗೆದು, ಮಿತವ್ಯಯದ ಆಸೆಯಿಂದ ಸಣ್ಣ ಡೀಸೆಲ್ ಎಂಜಿನನ್ನು ಕೂರಿಸಿಕೊಂಡ ಎನ್‌ಫೀಲ್ಡ್ ಬುಲೆಟ್ಟುಗಳ ಮಾತಂತೂ ಹೇಳತೀರದು. ಆದಾಗ್ಯೂ ಆ ಮಿಸ್ತ್ರಿಗಳನ್ನು ದೂಷಿಸುವುದು ಕೃತಘ್ನತೆ. ಅವರು ಓಡಿಸದೆ ಇದ್ದಿದ್ದರೆ ಈ ಯಂತ್ರಗಳು ಅಂದೇ ಕರಗಿ ಕಬ್ಬಿಣವಾಗುತ್ತಿದ್ದವು.

ಸ್ವದೇಶೀ ತಯಾರಿಕೆಯೊಡನೆ ಎರಡನೆಯ ಘಟ್ಟ ಮೊದಲಾಗುತ್ತದೆ. 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ, ಅದರ ಹಿಂದೆಯೇ ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರ ಐಡಿಯಲ್ ಜಾವಾ ತಲೆಯೆತ್ತಿದವು. 1961ರಿಂದ ಮೈಸೂರಿನಲ್ಲಿ ಹೊರಬಂದ 250 ಸಿ.ಸಿ. ಜಾವಾ ಚೆಕೊಸ್ಲೊವಾಕಿಯಾದ ವಿನ್ಯಾಸವನ್ನು ಅನುಸರಿಸಿದ್ದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು, ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ, ಕೈಹಿಡಿಯನ್ನು ಒತ್ತದಿದ್ದರೂ ಗೇರು ಬದಲಿಸುವಾಗ ತಾನಾಗಿ ಬಿಡುವ ಕ್ಲಚ್ಚು: ಇವು ಅದರ ಲಕ್ಷಣಗಳು. 1973ರಿಂದ ಅದೇ ಕಾರ್ಖಾನೆಯ ವಾಹನ ಯೆಜ್ಡಿ ಎಂಬ ಹೆಸರನ್ನು ಹೊತ್ತಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಮೂಲಸ್ಥಿತಿಯೆಂದರೇನೆಂಬ ಪ್ರಶ್ನೆಯನ್ನು ಈ ಮೈಸೂರು ಜಾವಾದಷ್ಟು ತೀಕ್ಷ್ಣವಾಗಿ ಬೇರೊಂದು ವಾಹನ ಎತ್ತಲಾರದು. ವರ್ಷಗಳುರುಳಿದಂತೆ ವಿದೇಶದ ಭಾಗಗಳ ಸ್ಥಾನಕ್ಕೆ ಸ್ವದೇಶದ ಭಾಗಗಳು ಬಂದವು. ಆದಕಾರಣ ಅರವತ್ತರ ದಶಕದ ಕೊನೆಯ ವಾಹನಕ್ಕೆ ಇಂದು ಯೂರೋಪಿನಿಂದ ತರಿಸಿದ ಹೊಳೆಯುವ ಭಾಗಗಳನ್ನು ಜೋಡಿಸಿದವನು ಅದನ್ನು ಶುದ್ಧಗೊಳಿಸಿದೆನೆಂದು ಭಾವಿಸಬಹುದಾದರೂ, ವಾಸ್ತವವಾಗಿ ಅವನು ಸೃಷ್ಟಿಸುವುದು ಮೈಸೂರಿನಲ್ಲಿ ಎಂದೂ ತಯಾರಾಗದ ಒಂದು ವಾಹನವನ್ನು. ಬುಲೆಟ್ಟಿನಲ್ಲಿ ಈ ಭ್ರಮೆ ತಿರುವುಮುರುವಾಗಿದೆ. ಇಂಗ್ಲೆಂಡಿನ ತಯಾರಿಕೆ 1970ರ ವೇಳೆಗೆ ನಿಂತಿತು, ಮದರಾಸಿನದು ಮುಂದುವರಿಯಿತು, 1977ರಲ್ಲಿ ಇಲ್ಲಿಯ ಬುಲೆಟ್ಟು ಇಂಗ್ಲೆಂಡಿಗೇ ರಫ್ತಾಗತೊಡಗಿತು. ಹಾಗಾಗಿ ನೋಟಕ್ಕೆ ಒಂದೇ ಆಗಿದ್ದು ಕಾಲದಿಂದ ಬೇರೆಯಾದ ಭಾಗಗಳು ಹಳೆಯ ಗಾಡಿಗಳಲ್ಲಿ ನಿರಾಯಾಸವಾಗಿ ನುಸುಳುತ್ತವೆ.

1983ರಲ್ಲಿ ರಾಜ್‌ದೂತ್ 350, 1985ರಲ್ಲಿ ಹೀರೋ ಹೋಂಡಾ ಮತ್ತು ಯಮಹಾ ಆರ್‌ಎಕ್ಸ್ 100 ಬಂದವು. ಹಗುರವಾದ ಜಪಾನೀ ವಿನ್ಯಾಸದ ಮುಂದೆ ಹಳೆಯ ಭಾರದ ವಾಹನಗಳು ಬೆಲೆಗೆಟ್ಟು ಗುಜರಿಯ ಪಾಲಾದವು. ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ನೆರೆಯುವ ಜುನಾ ಬಜಾರಿನಂಥ ಹಳೆ ಸಾಮಾನಿನ ಸಂತೆಗಳೂ, ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳೂ ಅಂದಿನಿಂದ ಇಂದಿನವರೆಗೆ ಅನ್ವೇಷಕನ ತೀರ್ಥಕ್ಷೇತ್ರಗಳು. ಸೈಕಲ್ಲುಗಳ ನಗರವೆಂದು ಹೆಸರಾಗಿದ್ದು, ಬಳಿಕ ಆಕುರ್ಡಿಯ ಬಜಾಜ್ ಮತ್ತು ಫಿರೋದಿಯಾರ ಕೈನೆಟಿಕ್ ಕಾರ್ಖಾನೆಗಳ ದೆಸೆಯಿಂದ ಸ್ಕೂಟರು ಲೂನಾಗಳ ನಗರವಾದ ಈ ಊರಿನಲ್ಲಿ ಎರಕ, ಗ್ರೈಂಡಿಂಗ್, ಕ್ರೋಮ್ ಲೇಪನಗಳ ಕಸುಬುದಾರರಿಗೆ ಬರವಿಲ್ಲ. ಎರಕಕ್ಕೆ ಕೊಲ್ಹಾಪುರ ಬೆಳಗಾವಿಗಳೂ ದೂರವಲ್ಲ. ಹವ್ಯಾಸಿಗಳ ಸಂಘಗಳು ಹುಟ್ಟಿ, ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ಯೆಜ್ಡಿಗಳ ದಿನವೆಂದು ಆಚರಿಸಲ್ಪಡತೊಡಗಿದ ಮೇಲೆ ನಿನ್ನೆಯ ಗುಜರಿಗೆ ಇಂದು ಬೆಲೆ ಬಂದಿತು.

ಬೆಲೆಯೊಡನೆ ಬಂದ ವಿಪತ್ತು ಅತಿಯಾದ ಹೊಳಪು. ಕಾರ್ಖಾನೆಯಲ್ಲಿ ಎಂದೂ ಮಿರುಗದ ಅಲ್ಯೂಮಿನಿಯಮ್ ಕ್ರ್ಯಾಂಕ್‌ಕೇಸನ್ನು ಕನ್ನಡಿಯಂತೆ ಉಜ್ಜುವುದು, ಇಪ್ಪತ್ತರ ದಶಕದ ನಿಕ್ಕಲ್ ಲೇಪನದ ಭಾಗಗಳಿಗೆ ಆಮೇಲೆ ಬಳಕೆಗೆ ಬಂದ ಕ್ರೋಮನ್ನು ಹಾಕಿಸುವುದು, ಟ್ಯಾಂಕಿನ ಚಿನ್ನದ ಗೆರೆಯನ್ನು ಕುಂಚದಲ್ಲಿ ಎಳೆಯದೆ ಸ್ಟಿಕ್ಕರ್ ಅಂಟಿಸಿಬಿಡುವುದು ಸಾಮಾನ್ಯವಾಯಿತು. ಪುರಾತನ ದೇಗುಲದ ಶಿಲ್ಪಕ್ಕೆ ಭಕ್ತಿಯಿಂದ ಎಣ್ಣೆಬಣ್ಣ ಬಳಿಯುವವರ ಸಾಲಿಗೇ ಇವರೂ ಸೇರತಕ್ಕವರು. ಎಂಜಿನ್ನಿನ ಸಂಖ್ಯೆಯನ್ನು ಉಜ್ಜಿ, ಫ್ರೇಮಿಗೆ ಹೊಂದುವಂತೆ ಹೊಸದನ್ನು ಒತ್ತುವುದಂತೂ ಶುದ್ಧ ಅಪರಾಧ. ಕಣ್ಣಿಗೆ ಕಾಣದ ಕೆಲಸದಲ್ಲಿಯೇ ನಿಜವಾದ ನೈಪುಣ್ಯವಿರುವುದು: ಜಾವಾದ ಕ್ರ್ಯಾಂಕು ಒತ್ತಿ ಸೇರಿಸಿದ್ದಾದ್ದರಿಂದ ಅದನ್ನು ಬಿಚ್ಚಿ, ಬೇರಿಂಗು ಬದಲಿಸಿ, ಮತ್ತೆ ಒತ್ತಿ, ಓರೆಯಿಲ್ಲದೆ ತಿರುಗುವಂತೆ ನೇರಗೊಳಿಸಲು ಬಲ್ಲವರು ವಿರಳ. ಈಗ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯುವುದರಿಂದ ಹಳೆಯ ರಬ್ಬರ್ ಭಾಗಗಳೂ ಟ್ಯಾಂಕಿನ ಒಳಲೇಪವೂ ಕೆಡುವ ಹೊಸ ಭಯ ಸೇರಿದೆ. ಇಲ್ಲಿ ಮೂಲವಸ್ತುವಿನ ಹಟ ಸಲ್ಲದು, ಎಥನಾಲನ್ನು ತಾಳುವ ವಸ್ತುವನ್ನೇ ಬಳಸಬೇಕು.

1966ರಲ್ಲಿ ಸ್ಥಾಪಿತವಾದ, ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ, 2012ರ ಟ್ಯೂರಿನ್ ಸನ್ನದಿನಲ್ಲಿ, ಉಳಿದಿರುವುದನ್ನು ಕಾಪಾಡುವುದಕ್ಕೆ ಮೊದಲ ಮನ್ನಣೆಯನ್ನಿತ್ತು, ಮಾಡಿದ ಪ್ರತಿಯೊಂದು ಮಾರ್ಪಾಡನ್ನೂ ದಾಖಲಿಸಬೇಕೆಂದು ವಿಧಿಸಿತು. ನಮ್ಮ ಕೇಂದ್ರ ಸರಕಾರ 2021ರ ಜುಲೈಯಲ್ಲಿ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಿಂದ 50 ವರ್ಷ ಮೀರಿ, ಗಣನೀಯವಾಗಿ ಮಾರ್ಪಡದೆ ಉಳಿದ ವಾಹನಗಳಿಗೆ ‘ವಿ.ಎ.’ ಎಂಬ ಪ್ರತ್ಯೇಕ ಸಂಖ್ಯಾಶ್ರೇಣಿಯನ್ನು ಕಲ್ಪಿಸಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಅವಧಿ ಹತ್ತು ವರ್ಷ. ನಿತ್ಯಸಂಚಾರಕ್ಕೂ ವಾಣಿಜ್ಯ ಬಳಕೆಗೂ ಅವಕಾಶವಿಲ್ಲ. ಮೈಸೂರಿನ ಮೊದಲ ಜಾವಾಗಳು ಈಗಾಗಲೇ ಈ ವಯೋಮಿತಿಯನ್ನು ದಾಟಿವೆ. ರಾಜ್‌ದೂತ್ 350 ವಾಹನಗಳಲ್ಲಿ ಮೊದಲನೆಯವು 2033ರವರೆಗೆ ಕಾಯಬೇಕು.

ನನ್ನ ಅಭಿಪ್ರಾಯದಲ್ಲಿ ಪುಣೆಯ ಕೈಗಳು ಇಂದು ಯಾವ ದೇಶದ ಕೈಗಳಿಗೂ ಕಡಿಮೆಯಲ್ಲ, ಕೊರತೆಯಿರುವುದು ದಾಖಲೆಯಲ್ಲಿ. ಬಿ.ಎಸ್.ಎ. ಕಾರ್ಖಾನೆಯಿಂದ ಯಾವ ವಾಹನ ಯಾವಾಗ ಹೊರಟಿತೆಂಬುದನ್ನು ಇಂಗ್ಲೆಂಡಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬು ಕಾಪಿಟ್ಟ ಲೆಕ್ಕಪುಸ್ತಕಗಳಿಂದ ತಿಳಿಯಬಹುದು. ಯಾದವಗಿರಿಯಲ್ಲಿ ದುಡಿದವರ, ಆ ವಾಹನಗಳನ್ನು ಮಾರಿದವರ ಮನೆಯ ಅಟ್ಟಗಳಲ್ಲಿ ಬಿಡಿಭಾಗಗಳ ಪಟ್ಟಿ, ಬಣ್ಣದ ಮಾದರಿ, ರಸೀದಿ, ಸುತ್ತೋಲೆಗಳು ಇರಬಹುದು. ಮೈಸೂರಿನಲ್ಲಿರಲಿ ಪುಣೆಯಲ್ಲಿರಲಿ, ಅಂಥ ಕಾಗದ ತಮ್ಮಲ್ಲಿರುವ ವಾಚಕರು ಅದನ್ನು ರದ್ದಿಗೆ ಹಾಕದೆ, ಪ್ರತಿಮಾಡಿಸಿ ಯಾವುದಾದರೊಂದು ಸಂಘಕ್ಕೋ ಗ್ರಂಥಾಲಯಕ್ಕೋ ತಲಪಿಸಬೇಕೆಂದು ಕೋರುತ್ತೇನೆ.