ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ವಾಚಕರೇ, ಬೀದರದ ಸುತ್ತಲಿನ ಹಳ್ಳಿಗಳಲ್ಲಿ ಯಾವ ಹಳೆಯ ಮನೆಯ ಪೆಟ್ಟಿಗೆ ತೆಗೆದರೂ ತಳದಲ್ಲಿ ಒಂದು ಕಾಗದದ ಕಟ್ಟು ಸಿಕ್ಕುತ್ತದೆ. ಹೊಲದ ಪತ್ರ, ಸಾಲದ ಪತ್ರ, ಕಂದಾಯ ಕಟ್ಟಿದ ರಸೀದಿ. ನಮ್ಮ ಕೊಳಾರದಲ್ಲಿ ಶಿಷ್ಯನೊಬ್ಬ ಅಂಥದೊಂದು ಕಟ್ಟನ್ನು ನನ್ನ ಮುಂದೆ ತಂದಿಟ್ಟು, “ಗುರುಗಳೇ, ಇದರಾಗ ಏನ್ ಬರದದ ನೋಡ್ರಿ” ಎಂದ. ನಾನು ಪಂಡಿತ ಪರೀಕ್ಷೆ ಪಾಸಾದವನು. ಹಳಗನ್ನಡದ ಶಾಸನವನ್ನಾದರೂ ತಡವರಿಸುತ್ತ ಓದಿಯೇನು. ಆದರೆ ಎಂಬತ್ತೊಂಬತ್ತು ವರ್ಷಗಳ ಹಿಂದಿನ ಆ ಕಾಗದವನ್ನು ಓದಲಾರದೆ ಹೋದೆ. ಅದು ಉರ್ದುವಿನಲ್ಲಿತ್ತು. ಉರ್ದು ಮೇಷ್ಟರ ಬಳಿಗೆ ಹೋಗಿ ಓದಿಸಿದೆವು. ಫಸಲಿ 1346, ಅಂದರೆ ಕ್ರಿ.ಶ. 1936-37ರ ಸುಮಾರಿನ ಹೊಲದ ಪತ್ರ. ಕೊಟ್ಟವನು ಕನ್ನಡಿಗ, ಕೊಂಡವನು ಕನ್ನಡಿಗ, ಸಾಕ್ಷಿ ಹಾಕಿದವರು ಕನ್ನಡಿಗರು. ಮೂವರದೂ ಹೆಬ್ಬೆಟ್ಟು.

ಆ ಮೂರು ಹೆಬ್ಬೆಟ್ಟುಗಳ ಕಥೆಯನ್ನೇ ಇಂದು ತಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ನಮ್ಮ ಹಿರಿಯರು ವಿದ್ಯೆಗೆ ಬಿಟ್ಟ ಭೂಮಿಗೆ ‘ವೃತ್ತಿ’ ಎಂಬ ಹೆಸರಿತ್ತು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಸಮೀಪದ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಕಲಿಯುವ 200 ಮಂದಿ, ಶಾಸ್ತ್ರ ಕಲಿಯುವ ಸುಮಾರು 50 ಮಂದಿ ವಿದ್ಯಾರ್ಥಿಗಳಿಗೆ ಏರ್ಪಾಡಾಗಿತ್ತು. ಉಪಾಧ್ಯಾಯರಿಗೆ ಮಾತ್ರವಲ್ಲ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರಿಗೂ ವೃತ್ತಿ ಗೊತ್ತುಮಾಡಿದ್ದರು. ಅಲ್ಲಿ ನಡೆಯುತ್ತಿದ್ದುದು ವೇದಶಾಸ್ತ್ರಗಳ ಪಾಠವೇ ಹೊರತು ಕನ್ನಡದ ಪಾಠವಲ್ಲವೆಂಬುದು ನಿಜ. ಆದರೆ ಶಾಸನ ಬರೆಸಿದವನಿಗೆ ಒಂದು ಮಾತು ಚೆನ್ನಾಗಿ ತಿಳಿದಿತ್ತು: ಓದುವವನ ಊಟವನ್ನೂ ಕಲಿಸುವವನ ಹೊಲವನ್ನೂ ಕಲ್ಲಿನ ಮೇಲೆ ಕೊರೆಸದಿದ್ದರೆ ವಿದ್ಯೆ ಒಂದು ತಲೆಮಾರಿಗೆ ಮುಗಿಯುತ್ತದೆ. ‘ವೃತ್ತಿ’ ಎಂದರೆ ಈಗ ನಾವು ಉದ್ಯೋಗ ಎನ್ನುತ್ತೇವೆ. ಆಗ ಅದರ ಅರ್ಥ ಬದುಕಿನ ಆಧಾರ.

ಇನ್ನು ನಿಜಾಮರ ಕಾಲಕ್ಕೆ ಬರೋಣ. ಹೈದರಾಬಾದು ಸಂಸ್ಥಾನದಲ್ಲಿ ಹೆಚ್ಚಿನ ಪ್ರಜೆಗಳ ಮಾತು ತೆಲುಗು; ಆ ಮೇಲೆ ಮರಾಠಿ. ಕನ್ನಡ ಮನೆಮಾತಿನವರೂ ಉರ್ದು ಮನೆಮಾತಿನವರೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿದ್ದರು, ನೂರಕ್ಕೆ ಹತ್ತು ಹನ್ನೆರಡು ಮಂದಿ. ತಲೆಯೆಣಿಕೆಯಲ್ಲಿ ಸಮ, ಬೊಕ್ಕಸದ ಲೆಕ್ಕದಲ್ಲಿ ಮಾತ್ರ ಆನೆಗೂ ಆಡಿಗೂ ಇರುವ ಅಂತರ. ಇದನ್ನು ಹೇಳುವಾಗ ಉರ್ದುವನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಭಾರತದ ಭಾಷೆಯೊಂದರಲ್ಲಿ ಉಚ್ಚ ಶಿಕ್ಷಣ ಕೊಡಲು ಧೈರ್ಯಮಾಡಿತು. ಪಾಶ್ಚಾತ್ಯ ಶಾಸ್ತ್ರಗ್ರಂಥಗಳನ್ನು ಉರ್ದುವಿಗೆ ತರಲು ಒಂದು ಅನುವಾದ ಸಂಸ್ಥೆಯನ್ನೇ ಕಟ್ಟಿದರು. ವೈದ್ಯವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲೇ ಕಲಿಸಿ ತೋರಿಸಿದರು. ದೇಶಭಾಷೆಗೆ ಶಾಸ್ತ್ರ ಹೇಳುವ ಶಕ್ತಿಯಿಲ್ಲ ಎಂದು ಇಂದಿಗೂ ಮೂಗು ಮುರಿಯುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ? ಆ ವಿಶ್ವವಿದ್ಯಾಲಯದಲ್ಲಿ ಕನ್ನಡಕ್ಕೂ ಒಂದು ಸ್ಥಾನವಿತ್ತು, ಪ್ರೊ. ಡಿ.ಕೆ. ಭೀಮಸೇನರಾಯರು ಅಲ್ಲಿ ಕನ್ನಡ ಬೋಧಿಸಿದರು. ಹಣ ಸುರಿದ ಕಡೆ ಭಾಷೆ ಬೆಳೆಯಿತು, ಅಷ್ಟೆ. ಸುರಿಯದ ಕಡೆ ಏನಾಯಿತೆಂಬುದಕ್ಕೆ ಆ ಹೆಬ್ಬೆಟ್ಟುಗಳನ್ನು ನೋಡಬೇಕು.

ನಿಜಾಮರ ಸರಕಾರ ಕನ್ನಡವನ್ನು ಡಂಗುರ ಸಾರಿ ನಿಷೇಧಿಸಿತೆಂದು ಭಾಷಣಗಳಲ್ಲಿ ಹೇಳುವುದುಂಟು. ನಡೆದದ್ದು ಅದಕ್ಕಿಂತ ಸೂಕ್ಷ್ಮವಾದ ಕೆಲಸ. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಗೆ ಕಾಗದದ ಮೇಲೆ ಅವಕಾಶವಿತ್ತು. ಮೇಲಕ್ಕೆ ಹೋಗಬೇಕಾದರೆ ಉರ್ದು, ನೌಕರಿಗೆ ಉರ್ದು, ಕಚೇರಿಗೆ ಉರ್ದು. ಸರಿ, ಸರಕಾರ ಕೊಡದಿದ್ದರೆ ನಾವೇ ಶಾಲೆ ನಡೆಸುತ್ತೇವೆಂದು ಜನ ಮುಂದೆ ಬಂದರು. ಕಲಬುರಗಿಯ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ, ಇವು ಹಾಗೆ ಹುಟ್ಟಿದವು. ಆಗ, 1924ರ ಸುಮಾರಿಗೆ, ಖಾನಗಿ ಶಾಲೆಗಳಿಗೆ ನಿಯಮಗಳು ಬಂದವು. ಸರಕಾರದ ಅಪ್ಪಣೆಯಿಲ್ಲದೆ ಯಾರೂ ಶಾಲೆ ತೆರೆಯಕೂಡದು. ಮೊದಲು ಹಣವಿಲ್ಲವೆಂದರು, ಸ್ವಂತ ಹಣದಿಂದ ನಡೆಸುತ್ತೇವೆಂದಾಗ ಅಪ್ಪಣೆಯಿಲ್ಲವೆಂದರು. ಅರ್ಜಿ ಹೋಗುತ್ತದೆ, ಉತ್ತರ ಬರುವುದಿಲ್ಲ. ಉತ್ತರ ಬರುವ ಹೊತ್ತಿಗೆ ಹುಡುಗ ಎತ್ತಿನ ಹಿಂದೆ ಹೊಲ ಸೇರಿರುತ್ತಾನೆ. ಅತ್ತ ಐವತ್ತಮೂರನೆಯ ಗಸ್ತಿ ಎಂಬ ಆಜ್ಞೆ ಸಭೆ ಸೇರುವುದನ್ನೂ ಕಟ್ಟಿಹಾಕಿತ್ತು. ದೂರಿಕೊಳ್ಳಲು ಸಭೆ ಕರೆಯುವುದಕ್ಕೂ ಅಪ್ಪಣೆ ಕೇಳಬೇಕು.

ಇಂಥ ಕಾಲದಲ್ಲಿ ಭಾಲ್ಕಿಯ ಹಿರೇಮಠದಲ್ಲಿ ಚನ್ನಬಸವ ಪಟ್ಟದ್ದೇವರಿದ್ದರು. ಅವರು ಹುಟ್ಟಿದ್ದು 1889ರಲ್ಲಿ, ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರದಲ್ಲಿ ಕಲಿತು ಬಂದವರು. ಅವರು ಮಾಡಿದ ಉಪಾಯ ಇಂದಿಗೂ ನಮ್ಮ ಜಿಲ್ಲೆಯ ಮನೆಮನೆಯ ಮಾತು. ಶಾಲೆಯ ಬಾಗಿಲಿಗೆ ಉರ್ದು ಫಲಕ ತೂಗುಹಾಕಿದರು. ಒಳಗೆ ಕನ್ನಡ ಕಲಿಸಿದರು. ಇದನ್ನು ಚತುರೋಪಾಯವೆಂದು ನಾವು ನಕ್ಕು ಮೆಚ್ಚಿಕೊಳ್ಳುತ್ತೇವೆ. ನಗುವ ಮುನ್ನ ಸ್ವಲ್ಪ ಯೋಚಿಸಿ. ಮಠದ ಸ್ವಾಮಿಗಳೊಬ್ಬರು ಮಕ್ಕಳಿಗೆ ಅಕ್ಷರ ಕಲಿಸಲು ಬಾಗಿಲಲ್ಲಿ ಮರೆ ಕಟ್ಟಬೇಕಾಯಿತು. ಆ ಶಾಲೆಗೆ ಬೊಕ್ಕಸದ ವೃತ್ತಿಯಿರಲಿಲ್ಲ. ಭಕ್ತರ ಜೋಳವೇ ವೃತ್ತಿ. ಮಳೆ ಹೋದ ವರ್ಷ ಜೋಳವೂ ಇಲ್ಲ. ಮಠ ಬಲವಾಗಿದ್ದಲ್ಲಿ ಅಕ್ಷರ ಉಳಿಯಿತು. ಮಠವಿಲ್ಲದ ನೂರಾರು ಹಳ್ಳಿಗಳಲ್ಲಿ?

ಅಲ್ಲಿಯೂ ಕನ್ನಡ ಸಾಯಲಿಲ್ಲ, ಕಿವಿಯಲ್ಲಿ ಉಳಿಯಿತು. ನಮ್ಮ ಅಜ್ಜನವರು ಅಲಿಫ್ ಬೇ ಕಲಿತವರು. ಸಹಿ ಮಾಡುವುದಾದರೆ ಉರ್ದುವಿನಲ್ಲಿ. ಆದರೆ ಭಜನೆಯ ರಾತ್ರಿ ಒಂದಾದ ಮೇಲೊಂದು ವಚನ, ತತ್ತ್ವಪದ ಬಾಯಿಂದಲೇ ಹೇಳುತ್ತಿದ್ದರು. ಅವುಗಳನ್ನು ಅಚ್ಚಿನಲ್ಲಿ ತೋರಿಸಿದರೆ ಒಂದಕ್ಷರವೂ ತಿಳಿಯದು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವರಿಗೆ ಪುಸ್ತಕ ಹಿಡಿದು ಓದಿ ಹೇಳಿದೆ. ಅವರು ನಡುವೆ ತಡೆದು, “ಅಲ್ಲ, ಹಂಗಲ್ಲ ಅದು” ಎಂದು ತಿದ್ದಿದರು. ಪುಸ್ತಕದ್ದು ತಪ್ಪೋ ಅವರದು ತಪ್ಪೋ, ಇಂದಿಗೂ ನನಗೆ ನಿಶ್ಚಯವಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗಂಡಿತು. 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಮೂರು ಹೋಳಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದ ಕಡೆಯ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ ಮತ್ತು ಜಹೀರಾಬಾದಿನ ಬಹುಭಾಗ ಆಂಧ್ರಕ್ಕೆ. ಗೆರೆ ಎಳೆದದ್ದು ಭಾಷೆಯ ಆಧಾರದ ಮೇಲೆ. ಆದರೆ ಭಾಷೆಗಳು ಗೆರೆಯ ಮೇಲೆ ನಿಲ್ಲುವುದಿಲ್ಲ. ಅತ್ತ ಕನ್ನಡದ ಮನೆಗಳು ಉಳಿದವು, ಇತ್ತ ಭಾಲ್ಕಿ ಔರಾದಗಳಲ್ಲಿ ಮರಾಠಿಯ ಮನೆಗಳು ಉಳಿದವು. ಇದನ್ನು ತಿಳಿದೇ ಅದೇ ವರ್ಷ ಸಂವಿಧಾನಕ್ಕೆ 350-ಎ ಎಂಬ ಅನುಚ್ಛೇದ ಸೇರಿಸಿದರು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲವನ್ನು ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು. ಅದಕ್ಕೂ ಮೊದಲು, 1949ರಲ್ಲಿ, ಪ್ರಾಂತಗಳ ವಿದ್ಯಾಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಹೇಳಿತ್ತು: ಶಾಲೆಯಲ್ಲಿ ಒಟ್ಟು 40 ಮಕ್ಕಳು, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ ಆ ಭಾಷೆಯ ಒಬ್ಬ ಉಪಾಧ್ಯಾಯನನ್ನು ಕೊಡತಕ್ಕದ್ದು.

ಒಳ್ಳೆಯ ಲೆಕ್ಕವೇ. ಆದರೆ ಗಡಿಯ ಹಳ್ಳಿಯಲ್ಲಿ ಲೆಕ್ಕ ಎರಡು ಬದಿಯಿಂದಲೂ ಕೊಯ್ಯುತ್ತದೆ. ಉಪಾಧ್ಯಾಯ ನಿವೃತ್ತನಾದರೆ ಬದಲಿ ಬರುವುದಿಲ್ಲ. ಉಪಾಧ್ಯಾಯನಿಲ್ಲದ ಶಾಲೆಗೆ ತಂದೆತಾಯಿಗಳು ಮಕ್ಕಳನ್ನು ಕಳಿಸುವುದಿಲ್ಲ. ಮಕ್ಕಳು ಕಡಮೆಯಾದರೆಂದು ಶಾಲೆಯನ್ನು ಮತ್ತೊಂದಕ್ಕೆ ಕೂಡಿಸುತ್ತಾರೆ. ಯಾರೂ ಶಾಲೆ ಮುಚ್ಚಲಿಲ್ಲ, ಆದರೂ ಶಾಲೆ ಇಲ್ಲ. ಖಾನಗಿ ಶಾಲೆಯ ಅರ್ಜಿಗೆ ಉತ್ತರ ಬಾರದಿದ್ದ ಕಾಲದ ನೆನಪು ತಮಗೆ ಬಂದಿದ್ದರೆ ಅದು ನನ್ನ ತಪ್ಪಲ್ಲ. ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳಿಗೆ ಇದೇ ಭಯ. ಸೊಲ್ಲಾಪುರದಲ್ಲಿ ಕನ್ನಡಕ್ಕಾಗಿ ಜೀವ ತೇದ ಜಯದೇವಿತಾಯಿ ಲಿಗಾಡೆಯವರನ್ನು 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಆರಿಸಿ ನಾವು ಗೌರವಿಸಿದೆವು. ಆ ಪೀಠವೇರಿದ ಮೊದಲ ಮಹಿಳೆ ಅವರು. ಗಡಿಯಾಚೆಯ ಕನ್ನಡ ಶಾಲೆಗಳಿಗೆ ನೆರವಾಗಲು ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಆಗಬೇಕಾದರೆ 2010ರ ಕಾನೂನಿನವರೆಗೆ ಕಾಯಬೇಕಾಯಿತು. ನಮ್ಮ ರಾಜ್ಯದೊಳಗೇ 1995ರ ಬಳಿಕ ಆರಂಭವಾದ ಖಾಸಗಿ ಕನ್ನಡ ಶಾಲೆಗಳು ಅನುದಾನಕ್ಕಾಗಿ ವರ್ಷಗಟ್ಟಲೆ ಮನವಿ ಬರೆದಿವೆ ಎಂದರೆ ಪರರನ್ನು ಮಾತ್ರ ದೂರುವಂತಿಲ್ಲ.

ದೂರದ ಐರ್ಲೆಂಡಿನದೊಂದು ಸಂಗತಿ ಇಲ್ಲಿ ನೆನಪಾಗುತ್ತದೆ. 1831ರಲ್ಲಿ ಅಲ್ಲಿ ರಾಷ್ಟ್ರೀಯ ಶಾಲೆಗಳು ಆರಂಭವಾದಾಗ ಬೋಧನೆ ಇಂಗ್ಲಿಷಿನಲ್ಲಿ. ಮಗುವಿನ ಕೊರಳಿಗೆ ಕೋಲೊಂದನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೊಂದು ಕಚ್ಚು ಹಾಕಿ, ಕಚ್ಚೆಣಿಸಿ ಹೊಡೆಯುತ್ತಿದ್ದರಂತೆ. ಸ್ವತಂತ್ರರಾದ ಮೇಲೆ ಐರಿಷ್ ಉಳಿದಿದ್ದ ಪಶ್ಚಿಮ ಕರಾವಳಿಯ ತುಣುಕುಗಳಿಗೆ ಸರಕಾರ ಗಡಿ ಗುರುತಿಸಿತು. ವರ್ಷ ಯಾವುದು ಬಲ್ಲಿರಾ? ನಮ್ಮ ಗೆರೆ ಎಳೆದ 1956ನೆಯ ಇಸವಿಯೇ. ಗುರುತಿಸಿದರೆ ಸಾಲದೆಂದು ಜನ 1969ರಲ್ಲಿ ಹಕ್ಕಿನ ಚಳವಳಿ ಹೂಡಿದರು. 1970ರಲ್ಲಿ ಪರವಾನಗಿಯಿಲ್ಲದೆಯೇ ಒಂದು ಪುಟ್ಟ ರೇಡಿಯೋ ನಡೆಸಿದರು. 1972ರಲ್ಲಿ ಸರಕಾರವೇ ಅವರ ಭಾಷೆಗೊಂದು ಬಾನುಲಿಯನ್ನು ತೆರೆಯಿತು. ಇದನ್ನು ಓದುವ ರೇಡಿಯೋ ಬಂಧುಗಳಿಗೆ ಸಂತೋಷವಾದೀತು.

ಆದರೆ 2009ರಲ್ಲಿ ದೇಶ ಸಾಲಕ್ಕೆ ಸಿಕ್ಕಿದಾಗ, ಖರ್ಚು ತಗ್ಗಿಸಲು ನೇಮಿಸಿದ ಸಮಿತಿ ಕತ್ತರಿ ಹಿಡಿದು ಮೊದಲು ನೋಡಿದ ಕಡೆಗಳಲ್ಲಿ ಆ ಐರಿಷ್ ಸೀಮೆಯೂ ಒಂದು. ಅದರ ಇಲಾಖೆಯೇ ಬೇಡ, ಅಲ್ಲಿ ಉದ್ಯೋಗ ಕೊಡುವ ಪ್ರಾಧಿಕಾರದ ಕೆಲಸವನ್ನು ಬೇರೆಯವರಿಗೆ ವಹಿಸಿ ಎಂದಿತು. ಜನ ‘ಸೀಮೆಯ ದನಿ’ ಎಂಬ ಅರ್ಥದ ಹೆಸರಿನಲ್ಲಿ ಒಗ್ಗೂಡಿದರು. ಅವರ ವಾದ ನನಗೆ ಹಿಡಿಸಿತು. ಭಾಷೆ ಸುಂದರ, ಪುರಾತನ ಎಂದು ಅವರು ಹಾಡಲಿಲ್ಲ. ಕೆಲಸವಿದ್ದರೆ ಮಕ್ಕಳು ಊರಲ್ಲಿರುತ್ತಾರೆ, ಮಕ್ಕಳಿದ್ದರೆ ಭಾಷೆ ಇರುತ್ತದೆ ಎಂದರು. ಪ್ರಾಧಿಕಾರ ಉಳಿಯಿತು. ಹಣ ಮಾತ್ರ ಬಹಳ ಇಳಿಯಿತು. 2012ರ ಕಾನೂನಿನಿಂದ ಅದರ ಮಂಡಳಿಯನ್ನು ಜನರೇ ಚುನಾಯಿಸುವ ಪದ್ಧತಿಯೂ ಹೋಯಿತು. ಅರ್ಧ ಗೆದ್ದರು, ಅರ್ಧ ಸೋತರು.

ಪಟ್ಟದ್ದೇವರು 109 ವರ್ಷ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಅವರ ಹೆಸರು ಹೇಳಿ ನಾವು ಕನ್ನಡದ ಸಭೆಗಳಲ್ಲಿ ಚಪ್ಪಾಳೆ ತಟ್ಟುವಾಗ ನನಗೆ ಔರಾದ ಕಡೆಯ ಮರಾಠಿ ಶಾಲೆಯ ಒಬ್ಬ ಗೆಳೆಯರು ಕಣ್ಣ ಮುಂದೆ ಬರುತ್ತಾರೆ. ಜೂನ್ ತಿಂಗಳು ಬಂತೆಂದರೆ ಅವರು ಓಣಿಓಣಿ ತಿರುಗಿ ಮಕ್ಕಳನ್ನು ಎಣಿಸುತ್ತಾರೆ. ಗಡಿಯಾಚೆ ಕನ್ನಡಕ್ಕೆ ನಾವು ಏನನ್ನು ಬೇಡುತ್ತೇವೆಯೋ ಅದನ್ನೇ ಅವರು ಈಚೆ ಬೇಡುತ್ತಾರೆ. “ನಿಮ್ಮ ಅಜ್ಜಾರ ಕಥಿ ನನಗ ಗೊತ್ತದರಿ ಪಂಡಿತರೇ, ನನ್ನ ಮಕ್ಕಳದು ಆ ಕಥಿ ಆಗಬಾರದು” ಎಂದರು ಕಳೆದ ಸಲ. ಅವರ ಜೊತೆ ನಾನೂ ಎರಡು ಓಣಿ ತಿರುಗಿದೆ. ಮೂವತ್ತೆಂಟು ಮಕ್ಕಳು ಸಿಕ್ಕಿದರು. ಸಂಜೆಯಾಗಿತ್ತು, ಇನ್ನಿಬ್ಬರಿಗಾಗಿ ಅವರು ಹೊಲದ ಮನೆಗಳ ಕಡೆ ಹೊರಟರು.